ಹದಿನಾಲ್ಕು ಸುತ್ತು

ಆ ದಿನದ ಮೊದಲನೆಯ ದವಡೆ ಅವನ ಕೈಯಲ್ಲೇ ಒಡೆದುಹೋಯಿತು. ಒಡೆಯುವಂಥ ಕೆಲಸವೇನಲ್ಲ, ಹತ್ತೊಂಬತ್ತು ವರ್ಷದಿಂದ ದಿನಕ್ಕೆ ನಾಲ್ಕೈದರಂತೆ ಮಾಡುತ್ತ ಬಂದದ್ದು. ಹಲ್ಲಿನ ಡಾಕ್ಟರುಗಳು ಕಳಿಸುವ ಅಚ್ಚಿಗೆ ಪ್ಲಾಸ್ಟರು ಹೊಯ್ಯುವುದು, ಗಟ್ಟಿಯಾದ ಮೇಲೆ ಬಿಡಿಸುವುದು, ಅದರ ಮೇಲೆ ಮೇಣದಲ್ಲಿ ಒಸಡು ಕಟ್ಟಿ ಹಲ್ಲು ಕೂರಿಸುವುದು. ಬಿಡಿಸುವಾಗ ಮೆಲ್ಲಗೆ ಅಲುಗಿಸಿ ಒಳಗೆ ಗಾಳಿ ಹೋಗಲು ಬಿಡಬೇಕು, ಇರುವ ಗುಟ್ಟೆಲ್ಲ ಅಷ್ಟೇ. ಅವನು ಅಲುಗಿಸಲಿಲ್ಲ, ಎಳೆದ. ಯಾರೋ ಮುದುಕಿಯ ಕೆಳದವಡೆ ನಟ್ಟನಡುವೆ ಎರಡಾಯಿತು. ಒಂದೊಂದು ಕೈಯಲ್ಲಿ ಒಂದೊಂದು ತುಂಡು ಹಿಡಿದು ಕಿಟಕಿಯ ಕಡೆ ನೋಡಿದ, ನೋಡಿದ ಕೂಡಲೇ ನೋಡಬಾರದಿತ್ತು ಅನ್ನಿಸಿತು. ಹೊರಗೆ ಬಂಗಾರದಂಥ ದಿನ. ಎದುರುಮನೆಯ ತಗಡಿನ ಮೇಲೆ ಬಿಸಿಲು ಕುಣಿಯುತ್ತಿತ್ತು. ಅದರಾಚೆ ಗುಡ್ಡದ ನೆತ್ತಿಯ ಮೇಲೆ ಸಾಲು ಮೋಡ, ಒಂದೊಂದರ ಅಡಿಯೂ ಚಪ್ಪಟೆ, ನಡುವೆ ಒಂದೇ ಅಳತೆಯ ಅಂತರ. ಹನ್ನೊಂದಕ್ಕೇ ಮೋಡ ಕಟ್ಟಿದೆ, ಒಂದು ಗಂಟೆಯ ಹೊತ್ತಿಗೆ ಎರಡು ಸಾವಿರ ಮೀಟರ್ ಎತ್ತರಕ್ಕೆ ಏರಬಹುದು, ಗ್ಯಾರಂಟಿ, ಎಂದು ತಲೆ ತನ್ನಷ್ಟಕ್ಕೆ ತಾನು ಹೇಳಿಕೊಂಡಿತು. ಥೂ ನಿನ್ನ, ಎಂದು ಅವನು ತನ್ನ ತಲೆಗೇ ಬೈದ. ಹದಿನೇಳು ದಿನವಾದರೂ ಅದಕ್ಕೆ ಬುದ್ಧಿ ಬಂದಿರಲಿಲ್ಲ.

ಒಳಗಿನಿಂದ ಹೆಂಡತಿ ಕೇಳಿದಳು. "ಏನ್ರೀ ಅದು, ಏನು ಬಿತ್ತು?"

"ಏನೂ ಬೀಳಲಿಲ್ಲ. ಒಡೀತು."

"ಎರಡೂ ಒಂದೇ ತಾನೆ."

ಒಂದೇ ಅಲ್ಲ, ಎಂದುಕೊಂಡು ತುಂಡುಗಳನ್ನು ಮೇಜಿನ ಮೇಲಿಟ್ಟ. ಈಚೆಗೆ ಬಿತ್ತು ಎನ್ನುವ ಮಾತು ಯಾರ ಬಾಯಿಂದ ಬಂದರೂ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಬೆಚ್ಚುತ್ತಿದ್ದ. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, ಎರಡು ತುಂಡನ್ನೂ ನೋಡಿ ಲೊಚಗುಟ್ಟಿದಳು. "ನಿಮ್ಮ ಮನಸ್ಸು ಸ್ತಿಮಿತದಲ್ಲಿಲ್ಲ. ಬೇಕರಿಯವರ ಮನೆಗೆ ಒಂದ್ಸಲ ಹೋಗಿ ಬನ್ನಿ ಅಂತ ಎಷ್ಟು ದಿನದಿಂದ ಬಡ್ಕೊಳ್ತಿದ್ದೀನಿ. ಮಣ್ಣು ಮಾಡೋ ದಿನಾನೂ ಹಿಂದೆ ಎಲ್ಲೋ ನಿಂತು ಬಂದ್ರಿ. ಆ ಪುಣ್ಯಾತ್ಮ ಎಷ್ಟು ಸಲ ನಿಮ್ಮನ್ನ ವ್ಯಾನಲ್ಲಿ ಕೂರಿಸ್ಕೊಂಡು ಬಂದು ಬಾಗಿಲಿಗೆ ಬಿಟ್ಟಿಲ್ಲ? ಬಿದ್ದ ಕೂಡಲೇ ಜೀವ ಹೋಯ್ತಂತೆ, ನರಳಲಿಲ್ಲ, ಅದೊಂದೇ ಸಮಾಧಾನ. ಹೋಗಿ ಅಷ್ಟಾದ್ರೂ ಹೇಳಿ ಬನ್ನಿ."

"ಯಾರು ಹೇಳಿದ್ರು, ಕೂಡಲೇ ಹೋಯ್ತು ಅಂತ?"

"ಬೀದಿಯಲ್ಲಿ ಎಲ್ಲರೂ ಹೇಳ್ತಾರಪ್ಪ. ಯಾಕೆ, ಅಲ್ವಾ?"

"ಇರಬಹುದು," ಎಂದ. ಆ ಬೀದಿಮಾತನ್ನು ಅವನು ಹದಿನೇಳು ದಿನದಿಂದ ಮಾತ್ರೆಯ ಹಾಗೆ ಮೂರು ಹೊತ್ತು ನುಂಗುತ್ತಿದ್ದ. ಕೂಡಲೇ ಹೋಗಿದ್ದರೆ, ಯಾರು ನೋಡಿದರೇನು, ಯಾರು ಬಿಟ್ಟರೇನು.

ನಾಲ್ಕು ವರ್ಷದ ಹಿಂದೆ ಪ್ಯಾರಾಗ್ಲೈಡಿಂಗ್ ಕಲಿಯುತ್ತೇನೆ ಎಂದಾಗ ಇದೇ ಹೆಂಡತಿ ಸೌಟು ಹಿಡಿದುಕೊಂಡೇ ನಕ್ಕಿದ್ದಳು. "ನೆಲದ ಮೇಲೆ ನೆಟ್ಟಗೆ ನಡೆದ್ರೆ ಸಾಕಿತ್ತು, ಆಕಾಶಕ್ಕೆ ಹೊರಟ್ರಂತೆ. ಇರಲಾರದೆ ಇರುವೆ ಬಿಟ್ಕೊಂಡ್ರು ಅನ್ನೋದು ಇದಕ್ಕೇ!" ನಕ್ಕರೂ ತಡೆಯಲಿಲ್ಲ. ಅವನಿಗೆ ಆಗ ನಲವತ್ತು. ಬೆಳಗಿನಿಂದ ಸಂಜೆತನಕ ಬೇರೆಯವರ ದವಡೆಯ ಮೇಲೆ ಬಗ್ಗಿ ಬಗ್ಗಿ ಕುತ್ತಿಗೆ ಮುಂದಕ್ಕೆ ಬಂದಿತ್ತು; ತಲೆ ಎತ್ತಿ ಮಾಡುವ ಕೆಲಸ ಯಾವುದಾದರೂ ಒಂದು ಬೇಕಿತ್ತು. ಹಾರುವುದನ್ನೇನೋ ಕಲಿತ. ಗುಡ್ಡದ ನೆತ್ತಿಯಲ್ಲಿ ಬಟ್ಟೆ ಹರಡಿ (ರೆಕ್ಕೆಗೆ ಅವರೆಲ್ಲ ಬಟ್ಟೆ ಎಂದೇ ಹೇಳುತ್ತಿದ್ದರು) ಏಳೆಂಟು ಹೆಜ್ಜೆ ಓಡಿದರೆ ಕಾಲಡಿಯ ನೆಲ ಜಾರಿಕೊಳ್ಳುತ್ತಿತ್ತು. ಬಾರದೆ ಹೋದದ್ದು ಆಮೇಲಿನದು. ಬಿಸಿಲಿಗೆ ಕಾದ ನೆಲದಿಂದ ಗಾಳಿ ಕಂಬದ ಹಾಗೆ ಮೇಲೇಳುತ್ತದೆ. ಅದರೊಳಗೇ ಸುತ್ತುತ್ತ ಸುತ್ತುತ್ತ ಮೋಡದ ತನಕ ಏರಬೇಕು. ಏರಿ, ಗುಡ್ಡವನ್ನು ಬಿಟ್ಟು, ಮುಂದಿನ ಕಂಬವನ್ನು ಹುಡುಕುತ್ತ ಹೊರಟುಬಿಡಬೇಕು. ಅದೇ ದೂರದ ಹಾರಾಟ. ಅವನ ಜೊತೆ ಸೇರಿದವರೆಲ್ಲ ಮೂರು ಊರು ದಾಟಿ ಎಲ್ಲೋ ಇಳಿದು, ಸಂಜೆ ಯಾವುದೋ ಲಾರಿ ಹತ್ತಿ ಧೂಳು ಮೆತ್ತಿದ ಮುಖದಲ್ಲಿ ನಗುತ್ತ ಬರುತ್ತಿದ್ದರು. ಅವನು ಮಾತ್ರ ಹತ್ತು ನಿಮಿಷ ಅಲ್ಲಲ್ಲೇ ತೇಲಿ, ಯಾರೋ ಮೇಲಿನಿಂದ ಎಸೆದ ಹಾಗೆ ಗುಡ್ಡದ ಬುಡದ ಹೊಲಕ್ಕೆ ಬಂದು ಕೂರುತ್ತಿದ್ದ. ಮೂಟೆ ಎಂಬ ಹೆಸರು ಬಂದದ್ದು ಹಾಗೆ. ಇಟ್ಟವನು ಬೇಕರಿಯವನು. ಬೇರೆಯವರು ಕರೆದರೆ ಚುಚ್ಚುವ ಹೆಸರು ಅವನ ಬಾಯಲ್ಲಿ ಯಾಕೋ ಚುಚ್ಚುತ್ತಿರಲಿಲ್ಲ. "ಬಾರೋ ಮೂಟೆ, ಬನ್ನು ತಿನ್ನು" ಎಂದು ಬಿಳಿ ಕಾಗದದ ಚೀಲ ಮುಂದೆ ಹಿಡಿಯುತ್ತಿದ್ದ. ಚುಚ್ಚುತ್ತಿದ್ದದ್ದು ರೇಡಿಯೋ. ಎಲ್ಲರ ಭುಜದ ಮೇಲೂ ಒಂದೊಂದು, ಮೇಷ್ಟ್ರು ಒಬ್ಬನಿಗೆ ಹೇಳಿದ್ದು ಎಲ್ಲರಿಗೂ ಕೇಳುತ್ತಿತ್ತು. "ಮೂಟೆ, ಎಡಕ್ಕೆ. ಎಡಕ್ಕೆ ಅಂದೆ! ಎಡ ಅಂದ್ರೆ ವಾಚು ಕಟ್ಟೋ ಕೈ ಕಣಪ್ಪ!" ಆಕಾಶದ ತುಂಬ ನಗು. ನಲವತ್ತು ದಾಟಿದ ಗಂಡಸು ಸಾವಿರ ಅಡಿಯ ಮೇಲೆ ಒಬ್ಬನೇ ಕೂತು ನಾಚಿಕೆಯಿಂದ ಬೆವರುವುದು ಹೇಗಿರುತ್ತದೆ ಎಂದು ಅವನು ಯಾರಿಗೂ ಹೇಳಿರಲಿಲ್ಲ.

ಹನ್ನೊಂದೂವರೆಗೆ ಆ ಮೇಷ್ಟ್ರೇ ಬಾಗಿಲಲ್ಲಿ ನಿಂತಿದ್ದರು. ಶಾಲೆಯ ಮೇಷ್ಟ್ರಲ್ಲ, ಹಾರಲು ಕಲಿಸುವವರು. ಅರವತ್ತು ದಾಟಿದ, ಬಿಸಿಲಿಗೆ ಮೂಗು ಸಿಪ್ಪೆ ಸುಲಿದ ಮನುಷ್ಯ. ಒಳಗೆ ಬಂದು ಸ್ಟೂಲಿನ ಮೇಲೆ ಕೂತು, ಒಡೆದ ದವಡೆಯ ಎರಡು ತುಂಡನ್ನು ಜೋಡಿಸಿ ನೋಡಿದರು, ಮತ್ತೆ ಬೇರೆ ಮಾಡಿದರು.

"ಬೇಕರಿಯವನ ಹೆಂಡ್ತಿ ನಿನ್ನೆ ಕ್ಲಬ್ಬಿಗೆ ಬಂದಿದ್ದಳು."

ಅವನು ಮೇಣದ ಚಾಕುವನ್ನು ಒರೆಸತೊಡಗಿದ.

"ಅವತ್ತು ಯಾರ್ಯಾರು ಎಲ್ಲೆಲ್ಲಿದ್ರು ತೋರಿಸಿ ಅಂದ್ಲು. ಎಲ್ಲರ ಯಂತ್ರದಲ್ಲೂ ಹಾರಿದ ದಾರಿ ದಾಖಲಾಗಿರುತ್ತಲ್ಲ, ಕಂಪ್ಯೂಟರಿಗೆ ಹಾಕಿ ತೋರಿಸಿದೆ. ತೋರಿಸಲ್ಲ ಅನ್ನೋಕ್ಕಾಗುತ್ತಾ? ಅವನ ಗೆರೆ ಎರಡನೇ ಗುಡ್ಡದ ಹಿಂದೆ, ಕಲ್ಲುಬೋರೆ ಮೇಲೆ ನಿಂತುಹೋಗಿದೆ. ಸರಿಯಾಗಿ ಅದರ ನೆತ್ತಿ ಮೇಲೆ ಇನ್ನೊಂದು ಗೆರೆ. ಸುತ್ತು, ಸುತ್ತು, ಸುತ್ತು. ಇದ್ಯಾರು ಅಂದ್ಲು."

"ಹೇಳಿದ್ರಾ?"

"ಹೇಳ್ದೆ ಇನ್ನೇನು ಮಾಡಲಿ. ಹೇಳಿದ ಕೂಡಲೇ 'ಹಾಗಾದ್ರೆ ನಿಜ' ಅಂದ್ಲು. ಏನಮ್ಮ ನಿಜ ಅಂದ್ರೆ ಬಾಯಿ ಬಿಡಲಿಲ್ಲ. ಅವರನ್ನ ಕರ್ಕೊಂಡು ಬನ್ನಿ ಅಂದ್ಲು, ಅಷ್ಟೇ." ಮೇಷ್ಟ್ರು ತುಂಡುಗಳನ್ನು ಮೇಜಿನ ಮೇಲಿಟ್ಟರು. "ಅವಳು ಹೋದ ಮೇಲೆ ನಾನೂ ಎಣಿಸಿದೆ ಮೂಟೆ. ಹದಿನಾಲ್ಕು. ಸೆಕೆಂಡಿಗೆ ಮೂರು ಮೀಟರ್ ಏರಿದ್ದೀಯ, ಒಂದು ಸುತ್ತೂ ಕಂಬದಿಂದ ಆಚೆ ಜಾರಿಲ್ಲ. ನಾಲ್ಕು ವರ್ಷ ನಾನು ಬಾಯಿ ಬಡ್ಕೊಂಡ್ರೂ ಬರದ್ದು ಅವತ್ತು ಬಂದುಬಿಟ್ಟಿತ್ತು ನಿನಗೆ."

ಹೊಗಳಿದ್ದಲ್ಲ ಅದು. ಅವನಿಗೂ ಗೊತ್ತು. ಆದರೂ ಎದೆಯೊಳಗೆ ಎಲ್ಲೋ ಒಂದು ಮೂಲೆ ಬೆಚ್ಚಗಾಯಿತು. ಒಂದು ಸುತ್ತೂ ಜಾರಿಲ್ಲ! ಅಯ್ಯೋ ದರಿದ್ರವೇ, ಇದಕ್ಕೂ ಹಿಗ್ಗುತ್ತೀಯಲ್ಲ, ನೀನೆಂಥ ಮನುಷ್ಯ, ಎಂದು ಒಳಗೇ ಕೂಗಿಕೊಂಡ. ಆ ಬೆಚ್ಚಗಿನದು ಮಾತ್ರ ಆರಲಿಲ್ಲ.

"ನನಗೊಬ್ಬನಿಗೇ ಹೇಳು," ಎಂದರು ಮೇಷ್ಟ್ರು ದನಿ ತಗ್ಗಿಸಿ. "ಅವನನ್ನ ನೋಡಿದ್ಯಾ?"

"ನೋಡಿದೆ."

"ಹರಡಿತ್ತಾ ಬಟ್ಟೆ?"

"ಹರಡಿತ್ತು."

ಮೇಷ್ಟ್ರು ಕಣ್ಣು ಮುಚ್ಚಿದರು. ಗುಡ್ಡದ ಮೇಲೆ ಓಡುವುದಕ್ಕೂ ಮೊದಲು ಅವರು ಕಲಿಸುವ ಪಾಠ ಅದು: ಕಾಲು ನೆಲಕ್ಕೆ ತಾಗಿದ ಕೂಡಲೇ ಬಟ್ಟೆಯನ್ನು ಬಾಚಿ ಮುದ್ದೆ ಮಾಡಬೇಕು, ಬೆವರು ಆಮೇಲೆ ಒರೆಸಿಕೊಂಡರಾಯಿತು. ಇಳಿದವನ ಬಟ್ಟೆ ಮುದ್ದೆ, ಬಿದ್ದವನ ಬಟ್ಟೆ ಹಾಸಿಗೆ. ಹರಡಿ ಬಿದ್ದ ಬಟ್ಟೆ ಕಂಡರೆ ಮೇಲಿರುವವನು ರೇಡಿಯೋದಲ್ಲಿ ಕೂಗಬೇಕು, ಬೇರೆಯವರಿಗೆ ಜಾಗ ತಿಳಿಯಲೆಂದು ಅಲ್ಲೇ ಸುತ್ತುತ್ತಿರಬೇಕು, ಯಾರೂ ಇಲ್ಲದಿದ್ದರೆ ತಾನೇ ಹತ್ತಿರ ಇಳಿಯಬೇಕು. ಇಡೀ ಕ್ಲಬ್ಬಿನಲ್ಲಿ ಇದನ್ನು ಪಾಲಿಸದವನು ಒಬ್ಬನೇ, ಬೇಕರಿಯವನು. ದಿನಾ ನಸುಕಿಗೆ ಮೊದಲೇ ಎದ್ದು ಒಲೆ ಹೊತ್ತಿಸುವವನಿಗೆ ಎಲ್ಲಿ ಇಳಿದರೂ ನಿದ್ದೆ. ಬಟ್ಟೆಯನ್ನು ಹಾಗೇ ಹುಲ್ಲಿನ ಮೇಲೆ ಹರಡಿ, ಅದರ ಮೇಲೆ ಉದ್ದಕ್ಕೆ ಮಲಗಿ, ಬನ್ನು ತಿಂದು ಗೊರಕೆ ಹೊಡೆಯುತ್ತಿದ್ದ. ಒಮ್ಮೆ ಅವನು ಬಿದ್ದನೆಂದುಕೊಂಡು ಇಬ್ಬರು ತಮ್ಮ ಹಾರಾಟ ಕೆಡಿಸಿಕೊಂಡು ಇಳಿದು ಓಡಿ ಬಂದರೆ, ಪುಣ್ಯಾತ್ಮ ಒಂದು ಕಣ್ಣು ಬಿಟ್ಟು "ಟೀ ತಂದ್ರಾ?" ಅಂದಿದ್ದ. ಮೇಷ್ಟ್ರು ಮೂರು ಸಲ ಎಲ್ಲರ ಮುಂದೆ ಉಗಿದಿದ್ದರು. ಹಾಗಾಗಿ ಇವನಿಗೆ ಒಂದು ನೆಪವಿತ್ತು. ಒಳ್ಳೆಯ, ಗಟ್ಟಿಮುಟ್ಟಾದ, ಯಾರೂ ಒಪ್ಪಬಹುದಾದ ನೆಪ. ಈಗಲೂ ಅದನ್ನು ಹೇಳಲು ಹೊರಟ. "ಅವರು ಯಾವಾಗಲೂ ಹಾಗೇ ಅಲ್ವಾ ಮೇಷ್ಟ್ರೆ, ನಾನು ಮಲಗಿದ್ದಾರೆ ಅಂತ..." ಎಂದವನು ಪೂರ್ತಿ ಮಾಡಲಿಲ್ಲ.

"ಅದನ್ನ ಅವಳ ಮುಂದೆ ಎತ್ತಬೇಡ," ಎಂದರು ಮೇಷ್ಟ್ರು. "ಅವಳಿಗೆ ಗೆರೆ ಮಾತ್ರ ಕಾಣೋದು, ಏರಿಕೆ ಓದೋಕ್ಕೆ ಬರಲ್ಲ. ಜಾಗ ತೋರಿಸೋಕ್ಕೆ ಸುತ್ತಿದೆ, ರೇಡಿಯೋ ಬ್ಯಾಟರಿ ಸತ್ತಿತ್ತು, ಯಾರಿಗೂ ಕೇಳಿಸಲಿಲ್ಲ. ಇಷ್ಟು ಹೇಳು, ಸಾಕು."

"ಸುಳ್ಳಲ್ವಾ?"

"ಸುಳ್ಳೇ. ಹೋದೋನಿಗೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಇರೋಳಿಗೆ ಅಷ್ಟಾದ್ರೂ ಉಳೀಲಿ, ಗಂಡನ ಕೊನೆಗಾಲಕ್ಕೆ ಒಬ್ಬ ಮೇಲೆ ಕಾವಲಿದ್ದ ಅಂತ. ನಿನಗಾಗಿ ಹೇಳ್ತಿಲ್ಲ ನಾನು." ಎದ್ದು ನಿಂತರು. "ನನಗಾಗೂ ಹೇಳ್ತಿದ್ದೀನಿ ಅನ್ಕೋ. ಗುಡ್ಡ ಬಿಟ್ಟು ಹೋಗು ಅಂತ ನಿನಗೆ ಒಪ್ಪಿಗೆ ಕೊಟ್ಟೋನು ನಾನೇ ತಾನೆ. ನಡಿ."

ಬೈಕಿನ ಹಿಂದೆ ಕೂತಾಗ ಮುಂದೆ ಕಾಣುತ್ತಿದ್ದದ್ದು ಮೇಷ್ಟ್ರ ಬೆನ್ನು ಮಾತ್ರ. ಅವತ್ತು ಗುಡ್ಡದ ಮೇಲೆ ಅವರು ಇವನ ಬೆನ್ನು ತಟ್ಟಿ, "ಇವತ್ತು ತಿರುಗಿ ನೋಡಬೇಡ, ಹೋಗು" ಎಂದಿದ್ದರು. ಬೇಕರಿಯವನು ಅರ್ಧ ಗಂಟೆ ಮೊದಲೇ ಹೊರಟಿದ್ದ, ಹಸಿರು ಅಂಚಿನ ಹಳದಿ ಬಟ್ಟೆ ಗುಡ್ಡದ ಹಿಂದೆ ಮರೆಯಾಗಿತ್ತು. ಇವನು ಓಡಿ, ನೆಲ ಜಾರಿ, ಇನ್ನೂ ಸರಿಯಾಗಿ ಕೂತೂ ಇರಲಿಲ್ಲ, ಭುಜದ ಮೇಲೆ ಶುರುವಾಯಿತು: ಮೂಟೆ ಬಲಕ್ಕೆ, ಮೂಟೆ ಕೈ ಮೇಲೆ, ಮೂಟೆ ನಿದ್ದೆ ಮಾಡ್ತಿದ್ದೀಯಾ. ಯಾರೋ ನಡುವೆ ನಕ್ಕರು. ಅವನು ಕೈ ಹಾಕಿ ರೇಡಿಯೋದ ಸದ್ದು ಪೂರ್ತಿ ಆರಿಸಿಬಿಟ್ಟ. ಬ್ಯಾಟರಿ ಸತ್ತಿರಲಿಲ್ಲ, ಅದರ ಕತ್ತು ಹಿಸುಕಿದ್ದು ಇವನು. ಆಹಾ, ಎಂಥ ನಿಶ್ಶಬ್ದ! ಬೈಯುವವರಿಲ್ಲದ ಆಕಾಶದಲ್ಲಿ ಕೈಗಳು ತಾವಾಗಿ ಸರಿಯಾದವು. ಮೊದಲ ಗುಡ್ಡವನ್ನು ಬಿಟ್ಟ, ಎರಡನೆಯದನ್ನು ದಾಟಿ ಹಿಂದಿನ ಕಲ್ಲುಬೋರೆಗೆ ಬರುವಷ್ಟರಲ್ಲಿ ಇದ್ದ ಎತ್ತರವೆಲ್ಲ ಸೋರಿಹೋಗಿತ್ತು. ಬಂಡೆಗಳು ಒಂದೊಂದಾಗಿ ದೊಡ್ಡದಾಗುತ್ತ ಬಂದವು. ಸರಿ, ಮೂಟೆ ಮತ್ತೆ ನೆಲಕ್ಕೆ, ಸಂಜೆಗೆ ಎಲ್ಲರಿಗೂ ನಗಲು ಒಂದಾಯಿತು, ಎಂದುಕೊಳ್ಳುತ್ತಿದ್ದಾಗ ಹಳದಿ ಕಂಡಿತು. ಬಂಡೆಗಳ ನಡುವೆ ಪೂರ್ತಿ ಹರಡಿಕೊಂಡು, ಒಂದು ತುದಿ ಮುಳ್ಳಿನ ಪೊದೆಯ ಮೇಲೆ. ಅದೇ ಕ್ಷಣಕ್ಕೆ ಎದೆಯ ಮುಂದಿನ, ಮೇಲೇರಿದರೆ ಕೂಗುವ ಪುಟ್ಟ ಯಂತ್ರ ಕೀಂ ಎಂದಿತು. ಕಾದ ಕಲ್ಲು ಗಾಳಿಯನ್ನು ಮೇಲಕ್ಕೆ ಎಸೆಯುತ್ತಿತ್ತು, ಅದೂ ಸರಿಯಾಗಿ ಅಲ್ಲೇ. ಅವನು ವಾಲಿದ. ಮೊದಲನೆಯ ಸುತ್ತಿನಲ್ಲಿ, ಈ ಮನುಷ್ಯ ಇಲ್ಲೇಕೆ ಇಳಿದ, ಇಳಿಯುವಂಥ ಜಾಗವೇ ಅಲ್ಲವಲ್ಲ, ಎಂದುಕೊಂಡ. ಎರಡನೆಯದರಲ್ಲಿ, ಮಲಗಿದ್ದಾನೆ, ಅವನ ಹಣೆಬರಹವೇ ಅದು, ಎಂದ. ಮೂರನೆಯದರಲ್ಲಿ ಹಳದಿಯ ಅಂಚಿಗೆ ಬೆಳ್ಳಗೆ ಏನೋ ಅಲ್ಲಾಡಿತು. ಬನ್ನಿನ ಚೀಲ! ತಿನ್ನುತ್ತಿದ್ದಾನೆ! ನಿಜವಾಗಿಯೂ ನಕ್ಕ, ಗಟ್ಟಿಯಾಗಿ. ನಾಲ್ಕನೆಯ ಸುತ್ತಿನಲ್ಲಿ ತಲೆ ಕಂಡಿತು, ತಲೆಯ ಮೇಲೆ ಹೆಲ್ಮೆಟ್. ಬೇಕರಿಯವನು ಮಲಗುವ ಮೊದಲು ಮಾಡುತ್ತಿದ್ದ ಮೊದಲ ಕೆಲಸ ಹೆಲ್ಮೆಟ್ ತೆಗೆದು ತಲೆ ಕೆರೆದುಕೊಳ್ಳುವುದು. ಆ ಕೆಂಪು ಗುಂಡನ್ನು ಇವನು ನೋಡಿದ. ನೋಡಿ, ರೇಡಿಯೋದಲ್ಲಿ ಹೇಳಬೇಕು ಎಂದುಕೊಂಡ. ಹೇಳಲು ಒಂದು ಕೈ ಬಿಡಬೇಕು, ಕೈ ಬಿಟ್ಟರೆ ಕಂಬ ತಪ್ಪುತ್ತದೆ, ತಪ್ಪಿದರೆ ಮತ್ತೆ ಅದೇ ಹೊಲ, ಅದೇ ನಗು. ಇನ್ನೊಂದು ಸುತ್ತು ಆಗಲಿ, ಮೇಲೆ ಹೋದಷ್ಟೂ ಮಾತು ಚೆನ್ನಾಗಿ ಕೇಳಿಸುತ್ತದೆ, ಅದೂ ನಿಜವೇ ತಾನೆ. ಇನ್ನೊಂದು. ಯಂತ್ರ ಹಾಡುತ್ತಿತ್ತು. ಎಂಟು, ಒಂಬತ್ತು, ಹಳದಿ ಕರವಸ್ತ್ರದಷ್ಟಾಯಿತು. ಹನ್ನೆರಡನೆಯದರಲ್ಲಿ ಅವನು ಕೆಳಗೆ ನೋಡಲೇ ಇಲ್ಲ. ಇದೊಂದನ್ನು ಹದಿನೇಳು ದಿನ ಯಾವ ಮಗ್ಗುಲಿಗೆ ಹೊರಳಿಸಿದರೂ ಬೇರೆಯಾಗಲಿಲ್ಲ: ಮರೆತದ್ದಲ್ಲ, ನೋಡಬಾರದೆಂದೇ ನೋಡಲಿಲ್ಲ. ಹದಿನಾಲ್ಕರ ಹೊತ್ತಿಗೆ ಮೋಡದ ತಣ್ಣನೆಯ ಉಸಿರು ಮುಖಕ್ಕೆ ತಾಗಿತು. ಇಡೀ ದೇಶ ಕಾಲಡಿ ಬಿಚ್ಚಿಕೊಂಡಿತು, ಹೊಲ, ಕೆರೆ, ದಾರದಂಥ ರಸ್ತೆ. ಅವನು ಕೂಗಿದ, ಅತ್ತ. ತನ್ನ ಮದುವೆಯ ದಿನವೂ ಅಷ್ಟು ಸುಖಪಟ್ಟಿರಲಿಲ್ಲ. ಅದಂತೂ ಖಂಡಿತ.

ಬೈಕು ನಿಂತಿತು. ಬೇಕರಿಯ ಷಟರು ಪೂರ್ತಿ ಮೇಲಿತ್ತು, ಎಂದಿನ ಹಾಗೆ. ಮುಚ್ಚಿರುತ್ತದೆ, ಒಳಗೆ ಅಳುತ್ತಿರುತ್ತಾರೆ ಎಂದೆಲ್ಲ ಸಿದ್ಧವಾಗಿ ಬಂದಿದ್ದವನಿಗೆ ಗಾಜಿನ ಕಪಾಟಿನಲ್ಲಿ ಸಾಲಾಗಿ ಕೂತ ಬ್ರೆಡ್ಡುಗಳು ಕಂಡವು. ಬೇಕರಿಯವನ ಹೆಂಡತಿ ಒಬ್ಬ ಗಿರಾಕಿಗೆ ರಸ್ಕು ತೂಗಿ ಕೊಡುತ್ತಿದ್ದಳು. ಇವರನ್ನು ನೋಡಿಯೂ ತೂಕ ಮುಗಿಸಿ, ಪೊಟ್ಟಣಕ್ಕೆ ದಾರ ಸುತ್ತಿ, ಚಿಲ್ಲರೆ ಕೊಟ್ಟು, ಆಮೇಲೆ ಒಳಗೆ ಬನ್ನಿ ಎಂದು ತಲೆಯಾಡಿಸಿದಳು. ಕೈ ಮೊಣಕೈತನಕ ಹಿಟ್ಟು. ಹಿಂದಿನ ಕೋಣೆಯಲ್ಲಿ ಒಲೆಯ ಕಾವು ಗೋಡೆಗೆಲ್ಲ ಹಬ್ಬಿತ್ತು. ಹಿಟ್ಟು ನಾದುವ ಯಂತ್ರ ಸುಮ್ಮನಿತ್ತು. ತಟ್ಟೆಗಳು ಒಂದರ ಮೇಲೊಂದು. ಮೊಳೆಗೆ ನೇತುಹಾಕಿದ್ದ ಗಂಡಸಿನ ಏಪ್ರನ್ನು ಒಂದು. ಕೂರಿ ಎಂದು ಅವಳು ಹಲಗೆ ತೋರಿಸಿದಳು, ತಾನು ನಿಂತೇ ಇದ್ದಳು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನೋಡಮ್ಮ, ಅವತ್ತು ಇವನು..."

"ನೀವು ಸುಮ್ನಿರಿ ಮೇಷ್ಟ್ರೆ. ಅವರೇ ಹೇಳ್ಲಿ." ಇವನ ಕಡೆ ತಿರುಗಿದಳು. "ನೀವು ನಮ್ಮನೆಯವರನ್ನ ನೋಡಿದ್ರಾ?"

"ನೋಡಿದೆ ಅತ್ತಿಗೆ."

"ಯಾರಿಗೆ ಹೇಳಿದ್ರಿ?"

"ರೇಡಿಯೋ ಬ್ಯಾಟರಿ ಸತ್ತಿತ್ತಮ್ಮ," ಎಂದರು ಮೇಷ್ಟ್ರು. ಅವಳು ಅವರ ಕಡೆ ನೋಡಲೂ ಇಲ್ಲ.

"ಹೌದಾ?"

"ಹೌದು," ಎಂದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಲೀಸಾಗಿ ಬಂತು ಮಾತು. ಮೇಷ್ಟ್ರ ಭುಜ ಸ್ವಲ್ಪ ಇಳಿಯಿತು. ಮುಗಿಯಿತು, ಇನ್ನೇನು, ಎರಡು ಸಮಾಧಾನದ ಮಾತು ಹೇಳಿ ಎದ್ದುಬಿಡುವುದು. ಅವಳು ಹಿಟ್ಟಿನ ಕೈಯನ್ನು ಒಂದಕ್ಕೊಂದು ಉಜ್ಜುತ್ತ ಯೋಚಿಸುತ್ತಿದ್ದಳು, ಶಾಲೆಯ ಮಕ್ಕಳು ಲೆಕ್ಕ ಬಿಡಿಸುವ ಹಾಗೆ, ಸಿಟ್ಟಿಲ್ಲದೆ.

"ಹಾಗಾದ್ರೆ ಇಳೀಬಹುದಿತ್ತಲ್ಲ?"

"ಅಲ್ಲಿ ಬರೀ ಬಂಡೆ ಅಮ್ಮ, ಇಳಿಯೋಕ್ಕೆ ಜಾಗ ಇಲ್ಲ," ಎಂದರು ಮೇಷ್ಟ್ರು.

"ಆಚೆ ರಸ್ತೆ ಇದೆ. ಇವರನ್ನ ಹೊತ್ಕೊಂಡು ಬಂದದ್ದು ಅದೇ ರಸ್ತೆಗೆ, ಆಮೇಲೆ ಹೋಗಿ ನಾನು ನೋಡಿದೀನಿ. ಆಡು ಮೇಯಿಸೋರು ಇದ್ರು. ಹೇಳಿದ್ರೆ ಅವರು ಹೋಗ್ತಿದ್ರು." ಮತ್ತೆ ಇವನಿಗೆ: "ನೀವು ಎಲ್ಲಿ ಇಳಿದ್ರಿ?"

"ದೂರ. ಐವತ್ಮೂರು ಕಿಲೋಮೀಟರ್."

"ಎಷ್ಟೊತ್ತಿಗೆ?"

"ನಾಲ್ಕು ಗಂಟೆಗೆ."

"ಫೋನ್ ಇತ್ತಲ್ಲ?"

"ಇತ್ತು."

"ಮೊದಲು ಯಾರಿಗೆ ಮಾಡಿದ್ರಿ?"

"ಮನೆಗೆ. ಹೆಂಡ್ತಿಗೆ."

"ಏನಂದ್ರಿ?"

ಅವನು ತನ್ನ ಕಾಲ ಬೆರಳು ನೋಡಿದ. ಆ ಸಂಜೆ ಗೊತ್ತಿಲ್ಲದ ಊರಿನ ಹೊಲದ ಬದುವಿನಲ್ಲಿ ನಿಂತು, ಬಟ್ಟೆಯನ್ನು ನಿಯಮದಂತೆ ಅಚ್ಚುಕಟ್ಟಾಗಿ ಮುದ್ದೆ ಮಾಡಿ, ಫೋನಿನಲ್ಲಿ ಹುಡುಗನ ಹಾಗೆ ಕಿರುಚಿದ್ದ. ಹೆಂಡತಿ ಅದನ್ನು ಬೀದಿಗೆಲ್ಲ ಸಾರಿದ್ದಳು. "ಐವತ್ತು ದಾಟಿದೆ ಅಂದೆ."

ಹೊರಗೆ ಯಾರೋ ಗಾಜು ತಟ್ಟಿ ಒಂದು ಬ್ರೆಡ್ಡು ಎಂದರು. ಅವಳು ಹೋದಳು. ಮೇಷ್ಟ್ರು ಬಗ್ಗಿ, "ಎದ್ದುಬಿಡೋಣ, ಸಾಕು ಇದು," ಎಂದು ಪಿಸುಗುಟ್ಟಿದರು. ಇವನು ಏಳಲಿಲ್ಲ. ಮೊಳೆಗೆ ನೇತುಬಿದ್ದ ಏಪ್ರನ್ನನ್ನು ನೋಡುತ್ತ ಕೂತಿದ್ದ. ಅವಳು ತಿರುಗಿ ಬಂದಾಗ ಬಾಯಿ ತಾನಾಗಿ ತೆರೆಯಿತು. "ರೇಡಿಯೋ ಕೆಟ್ಟಿರಲಿಲ್ಲ ಅತ್ತಿಗೆ. ನಾನೇ ಆರಿಸಿದ್ದೆ. ನನ್ನನ್ನ ನಗ್ತಾರೆ ಅಂತ. ಅಣ್ಣನ ತಲೆ ಮೇಲೆ ಹೆಲ್ಮೆಟ್ ಇದ್ದದ್ದೂ ನೋಡಿದೆ."

ಮೇಷ್ಟ್ರು "ಅಯ್ಯೋ" ಎಂದರು, ಅಷ್ಟೇ.

ಅವಳು ಅಳುತ್ತಾಳೆ, ಉಗಿಯುತ್ತಾಳೆ, ಹಿಟ್ಟಿನ ಕೈಯಲ್ಲೇ ಕೆನ್ನೆಗೆ ಬಾರಿಸುತ್ತಾಳೆ ಎಂದು ಕಾದ. ಬಾರಿಸಿದ್ದರೆ ಕೈಮುಗಿದುಬಿಡುತ್ತಿದ್ದ. ಅವಳು ಕಪಾಟಿನ ಮೇಲಿನಿಂದ ತನ್ನ ಫೋನು ತೆಗೆದು, ಏನೋ ಒತ್ತಿ, ಇವನ ಕೈಗೆ ಕೊಟ್ಟಳು. "ಗಟ್ಟಿಯಾಗಿ ಓದಿ. ಮೇಷ್ಟ್ರಿಗೂ ಕೇಳ್ಲಿ."

ಗಂಡ ಕಳಿಸಿದ್ದ ಸಂದೇಶ. ಬರೆದದ್ದು ಮಧ್ಯಾಹ್ನ ಒಂದು ಗಂಟೆ ಹನ್ನೆರಡು ನಿಮಿಷಕ್ಕೆ. ಅವನು ಓದಿದ, ದನಿ ತನ್ನದೆನ್ನಿಸಲಿಲ್ಲ. "'ಬಿದ್ದೆ. ಸೊಂಟ ಏಳಕ್ಕಾಗ್ತಿಲ್ಲ, ರೇಡಿಯೋ ಚೂರಾಗಿದೆ. ಹೆದರಬೇಡ. ಚೀಲ ಬೀಸಿದೆ, ಮೂಟೆ ನೋಡಿದ, ಮೇಲೇ ಸುತ್ತುತ್ತಿದ್ದಾನೆ. ಬರ್ತಾರೆ ಈಗ. ಸಂಜೆ ಹಿಟ್ಟು ನೀನೇ ನಾದಿಸು.'"

"ಅಲ್ಲಿ ಸಿಗ್ನಲ್ ಇರಲಿಲ್ಲ," ಎಂದಳು ಅವಳು. "ಇವರನ್ನ ರಸ್ತೆಗೆ ತಂದ ಮೇಲೆ, ಜೇಬಲ್ಲಿದ್ದ ಫೋನಿಂದ ತಾನಾಗೇ ಬಂತು. ಆರೂವರೆಗೆ. ನನಗೆ ಏನು ಗೊತ್ತು? ನೋಡಿದಾರಂತೆ, ಬರ್ತಾರಂತೆ ಅಂತ ಹಿಟ್ಟು ನಾದಿಸಿದೆ. ಇಪ್ಪತ್ತು ಕಿಲೋ. ನಾದಿಸಿ ಮುಗಿದ ಮೇಲೆ ಜನ ಬಂದು ಹೇಳಿದ್ರು." ಮುಂದೆ ಬಂದು ಬೆರಳಿನಿಂದ ಫೋನಿನ ಪರದೆಯನ್ನು ಮೇಲಕ್ಕೆ ಸರಿಸಿದಳು, ಗಾಜಿನ ಮೇಲೆ ಹಿಟ್ಟಿನ ಗೆರೆ ಉಳಿಯಿತು. "ಅದರ ಕೆಳಗೆ ಇನ್ನೊಂದಿದೆ. ಆರು ನಿಮಿಷ ಆದ ಮೇಲೆ ಬರೆದದ್ದು. ಎಷ್ಟು ಸಲ ಓದಿದ್ರೂ ನನಗೆ ತಿಳೀಲಿಲ್ಲ. ನೀವು ಹಾರೋರು, ನಿಮಗೆ ಗೊತ್ತಿರುತ್ತೆ. ಇದು ಒಳ್ಳೇ ಮಾತಾ, ಕೆಟ್ಟ ಮಾತಾ, ಹೇಳಿ."

ಅವನು ನೋಡಿದ. ನಾಲ್ಕೇ ಮಾತು. "'ಮೂಟೆಗೆ ಒಳ್ಳೆ ಗಾಳಿ ಸಿಕ್ತು.'"

ಮೇಷ್ಟ್ರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. "ಅದು... ಖುಷಿಗೆ ಬರೆದದ್ದಮ್ಮ. ಇವನ ಮೇಲೆ ಪ್ರೀತಿ ಇತ್ತು ಅವನಿಗೆ."

"ನಿಮ್ಮನ್ನ ಕೇಳಲಿಲ್ಲ ಮೇಷ್ಟ್ರೆ."

ಒಲೆಯೊಳಗೆ ಏನೋ ಚಟಚಟ ಎಂದಿತು. ಅಂಗಾತ ಬಿದ್ದವನಿಗೆ ಆಕಾಶವಲ್ಲದೆ ಇನ್ನೇನೂ ಕಂಡಿರಲಿಕ್ಕಿಲ್ಲ. ಹನ್ನೆರಡು ವರ್ಷ ಹಾರಿದವನು, ಒಂದು ಸುತ್ತು ನೋಡಿದರೆ ಅದು ಯಾವ ಸುತ್ತು ಎಂದು ಹೇಳಬಲ್ಲವನು. ಮೊದಲ ನಾಲ್ಕೈದು ನಂಬಿರಬೇಕು. ಆಮೇಲೆ ಬಟ್ಟೆ ಚಿಕ್ಕದಾಗುತ್ತ, ಚಿಕ್ಕದಾಗುತ್ತ, ಮೋಡದ ಬುಡಕ್ಕೆ ಹೋಗಿ ಅಂಟಿಕೊಳ್ಳುವುದನ್ನು ನೋಡುತ್ತ ಮಲಗಿದ್ದ. ಖುಷಿಗೆ ಬರೆದನೋ, ಸಿಟ್ಟಿಗೆ ಬರೆದನೋ, ಬರೀ ಕಂಡದ್ದನ್ನು ಬರೆದನೋ, ಇನ್ನು ಯಾರು ಹೇಳಬೇಕು. ಆದರೆ ಅವಳು ಕೇಳಿದ್ದಕ್ಕೆ ಉತ್ತರ ಇವನಿಗೆ ಗೊತ್ತಿತ್ತು.

"ಹೇಳಿ," ಎಂದಳು ಅವಳು.

"ಜಾಗ ತೋರಿಸೋಕ್ಕೆ ಸುತ್ತೋನು ಅಲ್ಲೇ ಇರ್ತಾನೆ ಅತ್ತಿಗೆ, ಇಲ್ಲ ಕೆಳಗೆ ಬರ್ತಾನೆ. ಗಾಳಿ ಸಿಕ್ಕೋನು ಮೇಲೆ ಹೋಗ್ತಾನೆ." ಫೋನನ್ನು ಅವಳ ಕಡೆ ತಿರುಗಿಸಿದ. "ನಾನು ಅವರಿಗೋಸ್ಕರ ಸುತ್ತುತ್ತಿಲ್ಲ ಅಂತ ಅಣ್ಣನಿಗೆ ತಿಳೀತು. ಯಾರೂ ಬರಲ್ಲ ಅಂತ ತಿಳೀತು. ಅದೇ ಇದರ ಅರ್ಥ."

ಅವಳು ಹೂಂ ಎಂದಳು. ಕೈ ಚಾಚಿ ಫೋನು ಇಸಿದುಕೊಂಡು, ಅದರ ಮೇಲಿನ ಹಿಟ್ಟಿನ ಗೆರೆಯನ್ನು ಬಟ್ಟೆಯಿಂದ ಒರೆಸಿದಳು, ಇನ್ನೊಮ್ಮೆ ಒರೆಸಿದಳು.

"ಕೂಡಲೇ ಹೋಯ್ತು ಅಂತ ಊರೆಲ್ಲ ಅಂತಾರೆ. ಡಾಕ್ಟರು ನನ್ನ ಹತ್ರ ಹೇಳಿದ್ರು, ಎರಡು ಗಂಟೆ ಹೊತ್ತು ಬದುಕಿದ್ರಂತೆ," ಎಂದಳು. "ಆಮೇಲೆ ಇನ್ನೊಂದು ಬರೀಲಿಲ್ಲ ಇವರು."